ಮೇಲೆತ್ತಿದ ಶಟರ್, ಸವೆದ ಚಿಲಕ

ಬೂದಿಕೋಟೆಗೆ ರೈಲು ನಿಲ್ದಾಣವಿಲ್ಲ. ಹೈದರಾಲಿ ಹುಟ್ಟಿದ ಊರೆಂದು ಚರಿತ್ರೆಯಲ್ಲಿ ಹೆಸರಾದ ಈ ಹಳ್ಳಿಯವರು ರೈಲು ಹತ್ತಬೇಕಾದರೆ ಬಂಗಾರಪೇಟೆಗೆ ಬರಬೇಕು, ಇಲ್ಲವೇ ಕಾಮಸಮುದ್ರಕ್ಕೆ ಹೋಗಬೇಕು. ಎರಡೂ ನಿಲ್ದಾಣಗಳಿರುವುದು ಜೋಲಾರಪೇಟೆಯಿಂದ ಬೆಂಗಳೂರಿಗೆ ಮದ್ರಾಸ್ ರೈಲ್ವೆ 1864ರಲ್ಲಿ ತೆರೆದ ದಾರಿಯ ಮೇಲೆ. ಮೂವತ್ತು ವರ್ಷದ ನಂತರ, 1894ರಲ್ಲಿ, ಚಿನ್ನದ ಗಣಿಗಳಿಗಾಗಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಒಂದು ಕವಲು ದಾರಿ ಹಾಕಿದರು. ಅದರ ಉದ್ದ ಸುಮಾರು 16 ಕಿಲೋಮೀಟರ್. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ಅದರ ಹಲವು ನಿಲ್ದಾಣಗಳು ಗಣಿಗಳ ಹೆಸರು ಹೊತ್ತಿವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಾದ ಮೇಲೆ ಈ ದಾರಿಯ ಕೆಲಸವೇ ತಿರುವುಮುರುವಾಯಿತು. ಮೊದಲು ಗಣಿಗೆ ಬೇಕಾದದ್ದನ್ನು ಒಳಗೆ ತರುತ್ತಿದ್ದ ಹಳಿ, ಈಗ ಗಣಿಯೂರಿನ ಜನರನ್ನು ಬೆಳಗಾಗುವ ಮೊದಲೇ ಬೆಂಗಳೂರಿನ ಕೆಲಸಕ್ಕೆ ಕರೆದೊಯ್ದು ರಾತ್ರಿ ವಾಪಸು ತರುತ್ತದೆ.

ಹೀಗೆ ದಿನಾ ಓಡಾಡುವವರಿಗೆ ಕಿಟಕಿ ಎಂದರೆ ನೋಟವಲ್ಲ, ಉಸಿರು. ಮೂರು ಜನ ಕೂರುವ ಸೀಟಿನಲ್ಲಿ ಐವರು ಕೂತು, ನಡುವಿನ ಹಾದಿಯಲ್ಲಿ ಮತ್ತಷ್ಟು ಜನ ನಿಂತಾಗ ಬೋಗಿಗೆ ಗಾಳಿ ಬರುವ ದಾರಿ ಅದೊಂದೇ. ಈ ಬರಹ ಆ ಕಿಟಕಿಯ ಒಂದು ಸಣ್ಣ ಭಾಗದ ಬಗ್ಗೆ: ಎತ್ತಿದ ಶಟರ್ ಕೆಳಗೆ ಬೀಳದಂತೆ ಹಿಡಿದುಕೊಳ್ಳಬೇಕಾದ ಚಿಲಕದ ಬಗ್ಗೆ. ಬೆರಳುದ್ದದ ಕಬ್ಬಿಣ. ಆದರೂ ದಿನಕ್ಕೆ ಲಕ್ಷಾಂತರ ಜನ ಮುಟ್ಟುವ ವಸ್ತು ವಿಮರ್ಶೆಗೆ ತಕ್ಕದ್ದಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಯಾರೋ ಯೋಚಿಸಿ ರೂಪಿಸಿದ್ದಾರೆ. ಯೋಚನೆ ಎಲ್ಲಿ ಸರಿಯಿತ್ತು, ಎಲ್ಲಿ ಅರ್ಧಕ್ಕೆ ನಿಂತಿತು ಎಂದು ಕೇಳುವ ಹಕ್ಕು ಅದರ ಕೆಳಗೆ ಕೈಯಿಟ್ಟು ಕೂರುವ ಎಲ್ಲರಿಗೂ ಇದೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಈ ಕಿಟಕಿಯಲ್ಲಿ ಒಳ್ಳೆಯದು ಬಹಳ ಇದೆ. ನಮ್ಮ ಸ್ಲೀಪರ್ ಮತ್ತು ಜನರಲ್ ಬೋಗಿಗಳ ಕಿಟಕಿಗೆ ಎರಡು ಶಟರ್. ಒಂದು ಗಾಜಿನದು, ಇನ್ನೊಂದು ಓರೆ ಪಟ್ಟಿಗಳನ್ನು ಜೋಡಿಸಿದ ಲೋಹದ್ದು. ಎರಡಕ್ಕೂ ಬೇರೆ ಬೇರೆ ಚಡಿ. ಹೊರಗಡೆ ಅಡ್ಡ ಸರಳು. ಗಾಜು ಇಳಿಸಿದರೆ ಮಳೆ ನಿಲ್ಲುತ್ತದೆ, ಬೆಳಕು ಉಳಿಯುತ್ತದೆ. ಪಟ್ಟಿಯ ಶಟರ್ ಇಳಿಸಿದರೆ ಬಿಸಿಲು ನಿಲ್ಲುತ್ತದೆ, ಗಾಳಿ ಉಳಿಯುತ್ತದೆ. ಎರಡನ್ನೂ ಎತ್ತಿದರೆ ಪೂರ್ತಿ ಗಾಳಿ. ಕೋಲಾರ ಸೀಮೆಯ ಏಪ್ರಿಲ್ ಬಿಸಿಲಲ್ಲಿ, ಗಾಡಿ ಕಾಮಸಮುದ್ರ ದಾಟಿ ಬಂಡೆಗಳ ನಡುವೆ ಹೋಗುವಾಗ, ಪಶ್ಚಿಮದ ಕಡೆಯ ಸೀಟಿನವರು ಆ ಪಟ್ಟಿಯ ಶಟರ್ ಇಳಿಸಿಕೊಂಡು ಕೂರುವುದನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ವಿದ್ಯುತ್ತು ಬೇಡ, ಪರದೆ ಬೇಡ, ನೆರಳೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ಬಿಸಿಲು ನಾಡಿನ ರೈಲಿಗೆ ಇದಕ್ಕಿಂತ ತಕ್ಕ ಕಿಟಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರಿಕುಪ್ಪಂ ಕವಲಿನಲ್ಲಿ ಇದಕ್ಕೆ ಇನ್ನೊಂದು ಕೆಲಸವಿದೆ. ಗಣಿಯಿಂದ ತೆಗೆದ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಸೋಸಿ, ಉಳಿದ ನುಣುಪು ಪುಡಿಯನ್ನು ನೂರು ವರ್ಷ ರಾಶಿ ಹಾಕಿದರು. ಆ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಗಣಿಯೂರಾದ ಕೆಜಿಎಫ್‌ನವರು ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದ ದಿನ ಆ ಪುಡಿ ಊರಿನ ಮೇಲೆ, ಮನೆಯೊಳಗೆ, ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುತ್ತದೆ. ಗಾಡಿಯಲ್ಲಿದ್ದವರು ಆಗ ಗಾಜನ್ನು ಥಟ್ಟನೆ ಇಳಿಸಬೇಕು, ದಾಟಿದ ಮೇಲೆ ಮತ್ತೆ ಎತ್ತಬೇಕು. ಹದಿನಾರು ಕಿಲೋಮೀಟರಿನೊಳಗೆ ಕಿಟಕಿ ಮುಚ್ಚಿ ತೆರೆಯುವ ಕೆಲಸ ಮತ್ತೆ ಮತ್ತೆ ಬೀಳುತ್ತದೆ. ದೂರದೂರಿಗೆ ಹೋಗುವ ಗಾಡಿಯಲ್ಲಿ ಒಮ್ಮೆ ಎತ್ತಿದರೆ ರಾತ್ರಿವರೆಗೂ ಮರೆತುಬಿಡಬಹುದಾದ ಚಿಲಕ, ಇಲ್ಲಿ ನಿಜವಾಗಿ ದುಡಿಯಬೇಕಾಗುತ್ತದೆ.

ಈಗ ಚಿಲಕಕ್ಕೆ ಬರೋಣ. ಶಟರಿನ ಕೆಳ ಅಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಒತ್ತುವ ಹಿಡಿ. ಪ್ರತಿಯೊಂದರ ಹಿಂದೆ ಒಂದು ಸ್ಪ್ರಿಂಗ್. ಸ್ಪ್ರಿಂಗು ಒಂದು ಲೋಹದ ನಾಲಿಗೆಯನ್ನು ಪಕ್ಕದ ಚಡಿಯೊಳಗಿನ ಕಚ್ಚಿಗೆ ತಳ್ಳಿ ಹಿಡಿದಿರುತ್ತದೆ. ಎರಡೂ ಹಿಡಿಯನ್ನು ಒಟ್ಟಿಗೆ ಒತ್ತಿದರೆ ನಾಲಿಗೆಗಳು ಒಳಕ್ಕೆ ಸರಿಯುತ್ತವೆ, ಶಟರ್ ಸಡಿಲವಾಗುತ್ತದೆ. ಹಾಗೇ ಮೇಲೆತ್ತಿ ಬಿಟ್ಟರೆ ಮೇಲಿನ ಕಚ್ಚಿಗೆ ನಾಲಿಗೆಗಳು ಟಕ್ಕೆಂದು ಕೂರಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ, ಕಾಲದಿಂದ ಕಾಲಕ್ಕೆ ಸಣ್ಣಪುಟ್ಟ ವಿವರ ಬದಲಾಗಿದ್ದರೂ ಮೂಲ ಉಪಾಯ ಇಷ್ಟೇ.

ಒಂದೇ ನಾಲಿಗೆಗೆ ಇಲ್ಲಿ ಎರಡು ಕೆಲಸ. ಶಟರ್ ಇಳಿದಿರುವಾಗ ಅದನ್ನು ಹೊರಗಿನವರು ಎತ್ತದಂತೆ ಹಿಡಿಯಬೇಕು. ಎತ್ತಿರುವಾಗ ಕೆಳಗೆ ಬೀಳದಂತೆ ಹಿಡಿಯಬೇಕು. ಮೊದಲ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ರಾತ್ರಿ ಗಾಡಿ ಯಾವುದೋ ಸಿಗ್ನಲ್ಲಿನ ಬಳಿ ಕತ್ತಲಲ್ಲಿ ನಿಂತಾಗ, ಹೊರಗಿನಿಂದ ಕೈಹಾಕಿ ಸರ ಕೀಳುವವರ ಭಯದಲ್ಲಿ ಶಟರ್ ಇಳಿಸಿಕೊಂಡು ಮಲಗಿದ ಹೆಂಗಸಿಗೆ ಆ ಎರಡು ನಾಲಿಗೆಗಳು ಕೊಡುವ ಧೈರ್ಯ ಸಣ್ಣದಲ್ಲ. ಶಟರಿನ ಭಾರವೂ ಅಲ್ಲಿ ಚಿಲಕದ ಪರವಾಗಿಯೇ ಇರುತ್ತದೆ, ಎರಡೂ ಸೇರಿ ಕಿಟಕಿಯನ್ನು ಮುಚ್ಚಿಯೇ ಇಡುತ್ತವೆ. ಎರಡನೆಯ ಕೆಲಸದಲ್ಲಿ ಹಾಗಿಲ್ಲ. ಗಾಡಿ ಓಡುವಷ್ಟು ಹೊತ್ತೂ ಭೂಮಿ ಶಟರನ್ನು ಕೆಳಕ್ಕೆಳೆಯುತ್ತದೆ, ನಾಲಿಗೆಗಳು ಆ ಸೆಳೆತವನ್ನು ಎದುರಿಸಿ ನಿಲ್ಲಬೇಕು. ಬಾಗಿಲು ಭದ್ರಪಡಿಸಲು ತಕ್ಕದ್ದಾದ ಒಂದು ಚಿಲಕಕ್ಕೆ ಭಾರ ಹೊರುವ ಕೆಲಸವನ್ನೂ ಹೊರಿಸಿದ್ದು ಈ ವಿನ್ಯಾಸದ ಮೂಲ ದೋಷವೆಂದು ನನಗನಿಸುತ್ತದೆ. ಉಳಿದ ತಾಪತ್ರಯಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಯಾವಾಗಲೂ ಹೀಗಿರಲಿಲ್ಲ. ಮರದ ಬೋಗಿಗಳ ಕಾಲದಲ್ಲಿ, ಬ್ರಿಟನ್ನಿನಲ್ಲೂ ಅಲ್ಲಿಂದ ರೈಲು ಕಲಿತ ನಾಡುಗಳಲ್ಲೂ, ಕಿಟಕಿಯ ಗಾಜು ಕೆಳಕ್ಕೆ ಇಳಿದು ತೆರೆದುಕೊಳ್ಳುತ್ತಿತ್ತು. ಗೋಡೆಯ, ಇಲ್ಲವೇ ಬಾಗಿಲಿನ, ಎರಡು ಪದರಗಳ ನಡುವೆ ಒಂದು ಜೇಬು. ಗಾಜಿನ ಚೌಕಟ್ಟು ಅದರೊಳಕ್ಕೆ ಇಳಿಯುತ್ತಿತ್ತು. ಚೌಕಟ್ಟಿನ ಕೆಳಗೆ ಮೊಳೆ ಹೊಡೆದ ಅಗಲ ಚರ್ಮದ ಪಟ್ಟಿ, ಪಟ್ಟಿಯಲ್ಲಿ ಸಾಲು ತೂತು, ಗೋಡೆಯಲ್ಲಿ ಒಂದು ಹಿತ್ತಾಳೆ ಗುಬ್ಬಿ. ಪಟ್ಟಿ ಎಳೆದು ಬೇಕಾದ ತೂತನ್ನು ಗುಬ್ಬಿಗೆ ಸಿಕ್ಕಿಸಿದರೆ ಗಾಜು ಅಷ್ಟೇ ಎತ್ತರದಲ್ಲಿ ನಿಲ್ಲುತ್ತಿತ್ತು. ನಾಲ್ಕು ಬೆರಳಷ್ಟು ಸಂದು ಬೇಕೆಂದರೆ ನಾಲ್ಕೇ ಬೆರಳು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರು ಆ ಪಟ್ಟಿಗಳನ್ನು ಕ್ಷೌರದ ಕತ್ತಿ ಮಸೆಯಲು ಕೊಯ್ದುಕೊಂಡು ಹೋಗುತ್ತಿದ್ದ ಕತೆಗಳು ಇಂಗ್ಲೆಂಡಿನಲ್ಲಿ ಪ್ರಸಿದ್ಧ. ಚರ್ಮ ಅಷ್ಟು ಒಳ್ಳೆಯದಿತ್ತು.

ಚರ್ಮ ಒಣಗಿ ಹರಿದರೆ ಏನಾಗುತ್ತಿತ್ತು? ಗಾಜು ಜೇಬಿನೊಳಕ್ಕೆ ಬೀಳುತ್ತಿತ್ತು. ಮಳೆ ಒಳಬರುತ್ತಿತ್ತು, ಚಳಿ ಹೊಡೆಯುತ್ತಿತ್ತು, ರಿಪೇರಿಯಾಗುವವರೆಗೆ ಕಿಟಕಿ ಮುಚ್ಚುವಂತಿರಲಿಲ್ಲ. ಆದರೆ ಕಿಟಕಿಯ ಮೇಲೆ ಕೈಯಿಟ್ಟು ಕೂತವನ ಬೆರಳಿಗೆ ಅಪಾಯವಿರಲಿಲ್ಲ, ಏಕೆಂದರೆ ಬೀಳುವ ಗಾಜು ಕೈಯಿಂದ ದೂರ ಹೋಗುತ್ತಿತ್ತು. ನಮ್ಮ ಇಂದಿನ ಶಟರ್ ಬಿದ್ದರೆ ಕೈಯ ಮೇಲೇ ಬೀಳುತ್ತದೆ.

ಹಾಗಾದರೆ ದಿಕ್ಕು ಬದಲಾದದ್ದೇಕೆ? ಕಾರಣ ಬಲವಾಗಿಯೇ ಇದೆ. ಮರದ ಬೋಗಿ ಅಪಘಾತದಲ್ಲಿ ಸೀಳಿಹೋಗುತ್ತಿತ್ತು, ಬೆಂಕಿ ಹತ್ತಿದರೆ ಉರಿದುಹೋಗುತ್ತಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಾವು ಪೂರ್ತಿ ಉಕ್ಕಿನ ಬೋಗಿಗಳತ್ತ ತಿರುಗಿದೆವು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ದಶಕದ ಕೊನೆಯಲ್ಲಿ ಮೂರನೇ ದರ್ಜೆಯ ಉಕ್ಕಿನ ಬೋಗಿ ಕಟ್ಟುವ ಕೆಲಸ ಹಿಡಿಯಿತು. ಅದೇ ವಿಭಾಗ ಮುಂದೆ 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಂಪನಿಗೆ ಸೇರಿತು. ಬಿಇಎಂಎಲ್‌ನ ಬುಲ್ಡೋಜರ್ ಕಾರ್ಖಾನೆ ಕೆಜಿಎಫ್‌ನಲ್ಲಿ, ಬೋಗಿ ಕಾರ್ಖಾನೆ ಬೆಂಗಳೂರಿನಲ್ಲಿ. ಕವಲು ದಾರಿಯಲ್ಲಿ ಬಿಇಎಂಎಲ್ ನಗರ ಎಂಬ ನಿಲ್ದಾಣವೇ ಇದೆ, ಹಾಗಾಗಿ ಬೋಗಿ ಕಟ್ಟುವ ಕಂಪನಿ ಈ ಸೀಮೆಗೆ ಪರಕೀಯವಲ್ಲ. ಮದ್ರಾಸಿನ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ (ಐಸಿಎಫ್) ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯ ನೆರವಿನಿಂದ ಶುರುವಾಗಿ, 1955ರ ಅಕ್ಟೋಬರ್ 2ರಂದು ನೆಹರೂ ಕೈಯಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ಬೋಗಿಯಲ್ಲಿ ತಳ, ಗೋಡೆ, ಚಾವಣಿ ಎಲ್ಲ ಸೇರಿ ಒಂದೇ ಕೊಳವೆಯಂತೆ ಭಾರ ಹೊರುತ್ತವೆ. ಅಂಥ ಗೋಡೆಯಲ್ಲಿ ಕಿಟಕಿಯ ಕೆಳಗೆ ಟೊಳ್ಳು ಜೇಬು ಬಿಟ್ಟರೆ ಮಳೆನೀರು ಅದರೊಳಗೆ ಇಳಿದು ನಿಲ್ಲುತ್ತದೆ, ಉಕ್ಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಭಾರ ಹೊರುವ ಗೋಡೆಯೇ ತುಕ್ಕು ಹಿಡಿದರೆ ಬೋಗಿಯ ಆಯುಸ್ಸೇ ಹೋಯಿತು. ಶಟರ್ ಮೇಲಕ್ಕೇರಿದರೆ ಕೆಳಗೆ ಜೇಬೂ ಬೇಡ, ನೀರೂ ನಿಲ್ಲುವುದಿಲ್ಲ.

ಆದ್ದರಿಂದ ಶಟರ್ ಮೇಲಕ್ಕೇರಿದ್ದು ತಪ್ಪೆಂದು ನಾನು ಹೇಳಲಾರೆ. ದಿಕ್ಕು ತಿರುಗಿದ ಮೇಲೆ ಚಿಲಕದ ಮೇಲಿನ ಹೊಣೆ ನೂರು ಪಾಲು ಹೆಚ್ಚಿತು, ಚಿಲಕದ ಬಗೆಗಿನ ಯೋಚನೆ ಮಾತ್ರ ಅಷ್ಟು ಹೆಚ್ಚಲಿಲ್ಲ ಎನ್ನುವುದೇ ನನ್ನ ದೂರು.

ಬೀಳುವ ಶಟರಿನ ಲೆಕ್ಕ ಸುಲಭ. ಅರ್ಧ ಮೀಟರ್ ಎತ್ತರದಿಂದ ತಡೆಯಿಲ್ಲದೆ ಬೀಳುವ ಯಾವ ವಸ್ತುವಾದರೂ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಕೆಳಗೆ ತಲುಪುತ್ತದೆ. ತಲುಪುವಾಗ ಅದರ ವೇಗ ಸೆಕೆಂಡಿಗೆ ಮೂರು ಮೀಟರಿಗೂ ಮೇಲೆ. ಚಡಿಯ ಉಜ್ಜಾಟ ಸ್ವಲ್ಪ ತಡೆದೀತು, ಆದರೆ ಸಡಿಲವಾದ ಹಳೆಯ ಚಡಿಯಲ್ಲಿ ಉಜ್ಜಾಟವೂ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲ್ಲಾಡಲು ಎಚ್ಚರವಾಗಿರುವ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕಿಟಕಿಗೆ ಕೈಯಿಟ್ಟವನಾದರೋ ಹೊರಗೆ ನೋಡುತ್ತಿರುತ್ತಾನೆ, ಮೇಲಿನ ಶಟರನ್ನಲ್ಲ. ಶಬ್ದ ಕೇಳಿ ತಿರುಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸರಳು ಹಿಡಿದು ನಿಂತ ಮಗುವಿನ ಬೆರಳಿಗೆ ಈ ಲೆಕ್ಕ ಇನ್ನೂ ಕ್ರೂರ.

ರೈಲ್ವೆಯವರಿಗೆ ಈ ಬಗೆಯ ಯೋಚನೆ ಗೊತ್ತಿಲ್ಲವೆಂದಲ್ಲ. ಕೆಟ್ಟರೂ ಕೇಡಿಲ್ಲದ ಕಡೆಗೇ ಕೆಡಬೇಕು ಎನ್ನುವ ತತ್ವವನ್ನು ಜಗತ್ತಿನ ಯಾವ ಇಲಾಖೆಗಿಂತಲೂ ಚೆನ್ನಾಗಿ ಬಲ್ಲವರು ಅವರೇ. ವೆಸ್ಟಿಂಗ್‌ಹೌಸ್ 1870ರ ದಶಕದಲ್ಲಿ ತಂದ ತಾನಾಗಿ ಹಿಡಿಯುವ ಗಾಳಿ ಬ್ರೇಕಿನಲ್ಲಿ, ಕೊಳವೆಯೊಳಗಿನ ಒತ್ತಡವೇ ಬ್ರೇಕನ್ನು ಬಿಡಿಸಿ ಇಟ್ಟಿರುತ್ತದೆ. ಕೊಳವೆ ತುಂಡಾದರೆ ಬ್ರೇಕು ತಾನೇ ಹಿಡಿದು ಗಾಡಿ ನಿಲ್ಲುತ್ತದೆ. ಹಳೆಯ ಕೈಕಂಬದ ಸಿಗ್ನಲ್ಲಿನಲ್ಲಿ ಎಳೆಯುವ ತಂತಿ ತುಂಡಾದರೆ ಕೈ ತಾನೇ ನಿಲ್ಲು ಎನ್ನುವ ಸ್ಥಿತಿಗೆ ಬರುವಂತೆ ಭಾರ ಕೂಡಿಸಿರುತ್ತಾರೆ. 1854ರಲ್ಲಿ ಎಲಿಶಾ ಓಟಿಸ್ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನು ನಿಂತ ಲಿಫ್ಟಿನ ತೊಟ್ಟಿಲಿನ ಹಗ್ಗವನ್ನೇ ಕಡಿಸಿ ತೋರಿಸಿದ್ದೂ ಇದನ್ನೇ: ಹಗ್ಗದ ಬಿಗಿ ಹೋದ ಕೂಡಲೇ ಸ್ಪ್ರಿಂಗು ಬಿಡುಗಡೆಯಾಗಿ ಹಲ್ಲುಗಳು ಎರಡೂ ಪಕ್ಕದ ಕಂಬಗಳನ್ನು ಕಚ್ಚಿದವು, ತೊಟ್ಟಿಲು ನಿಂತಿತು. ಲೋಕದ ಗಣಿಗಳಲ್ಲಿ ಆಳದ ಶಾಫ್ಟುಗಳಿಗೆ ಜನರನ್ನು ಇಳಿಸುವ ಕೇಜುಗಳಿಗೂ ಇದೇ ಜಾತಿಯ ಹಿಡಿತಗಳನ್ನು ಅಳವಡಿಸುತ್ತ ಬಂದರು. ಚಾಂಪಿಯನ್ ರೀಫ್‌ನ ಗಣಿ ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಒಂದು ಹಗ್ಗಕ್ಕೆ ಜೀವ ಒಪ್ಪಿಸಿ ಅಂಥ ಆಳಕ್ಕೆ ಇಳಿದವರ ಮಕ್ಕಳೂ ಮೊಮ್ಮಕ್ಕಳೂ ಈಗ ಈ ಕಿಟಕಿಗಳ ಪಕ್ಕ ಕೂರುತ್ತಾರೆ. ಹಿಡಿತ ತಪ್ಪಿದರೆ ಏನಾಗುತ್ತದೆ ಎನ್ನುವ ಪ್ರಶ್ನೆಯನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಬ್ರೇಕಿಗೂ ಸಿಗ್ನಲ್ಲಿಗೂ ಅನ್ವಯಿಸಿದ ಆ ತತ್ವ ಕಿಟಕಿಯ ಚಿಲಕದವರೆಗೆ ಬರಲಿಲ್ಲ. ಸ್ಪ್ರಿಂಗು ಸೋತರೆ ನಾಲಿಗೆ ಹಿಂದೆ ಸರಿಯುತ್ತದೆ, ಶಟರ್ ಬೀಳುತ್ತದೆ. ನಾಲಿಗೆ ಸವೆದರೂ ಬೀಳುತ್ತದೆ, ಕಚ್ಚು ಸವೆದರೂ ಬೀಳುತ್ತದೆ. ಎಲ್ಲಿ ಕೆಟ್ಟರೂ ಅದು ಕೆಡುವುದು ಬೆರಳಿನ ಕಡೆಗೇ.

ಸವೆಯುವ ಬಗೆಯನ್ನೂ ನೋಡಬೇಕು. ಹೊಸ ನಾಲಿಗೆಯ ಕೆಳಮೈ ಸಮತಟ್ಟಾಗಿರುತ್ತದೆ, ಕಚ್ಚಿನ ಅಂಚೂ ಚೂಪಾಗಿರುತ್ತದೆ. ಭಾರ ನೇರ ಕೆಳಕ್ಕೆ ಒತ್ತುತ್ತದೆ, ನಾಲಿಗೆ ಜಾರುವ ಪ್ರಶ್ನೆಯಿಲ್ಲ. ದಿನಾ ಎತ್ತಿ ಇಳಿಸಿ ಮೂಲೆ ದುಂಡಗಾದ ಮೇಲೆ ಕೆಳಮೈ ಇಳಿಜಾರಾಗುತ್ತದೆ. ಎಣ್ಣೆ ಸೋಕಿದ ಉಕ್ಕಿನ ಮೇಲೆ ಉಕ್ಕು ಜಾರದೆ ನಿಲ್ಲುವುದು ಸುಮಾರು ಹತ್ತು ಡಿಗ್ರಿ ಇಳಿಜಾರಿನವರೆಗೆ ಮಾತ್ರ. ಅದನ್ನು ಮೀರಿದರೆ ಶಟರಿನ ಭಾರವೇ ನಾಲಿಗೆಯನ್ನು ಹಿಂದಕ್ಕೆ ತಳ್ಳಲು ಶುರುಮಾಡುತ್ತದೆ, ತಡೆಯುವುದಕ್ಕೆ ಸ್ಪ್ರಿಂಗೊಂದೇ ಉಳಿಯುತ್ತದೆ. ಇದರ ಮೇಲೆ ಹಳಿಯ ಕುಲುಕಾಟ. ಹದಿಮೂರು ಮೀಟರಿನ ತುಂಡು ಹಳಿಗಳ ಕಾಲದಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ಓಡುವ ಗಾಡಿಗೆ ಸೆಕೆಂಡಿಗೊಂದು ಪೆಟ್ಟು ಬೀಳುತ್ತಿತ್ತು. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದಿರುವುದರಿಂದ ಆ ತಾಳ ಕಡಿಮೆಯಾಗಿದೆ. ಬಂಗಾರಪೇಟೆಯಂಥ ಜಂಕ್ಷನ್ನಿನಲ್ಲಿ ಗಾಡಿ ಹಳಿ ಬದಲಿಸುವಾಗ ಮಾತ್ರ ಬೋಗಿ ಈಗಲೂ ಅದುರುತ್ತದೆ, ಸವೆದ ಚಿಲಕ ಕೈಕೊಡಲು ಅದೊಂದು ಅದುರುವಿಕೆ ಸಾಕು.

ಬಣ್ಣದ ವಿಷಯವೂ ಇದೆ. ಬೋಗಿಗಳಿಗೆ ಕಾರ್ಯಾಗಾರದಲ್ಲಿ ಕಾಲಕಾಲಕ್ಕೆ ದೊಡ್ಡ ರಿಪೇರಿಯಾಗುತ್ತದೆ, ಹೊಸ ಬಣ್ಣ ಬೀಳುತ್ತದೆ. ಪದರದ ಮೇಲೆ ಪದರ ಬಣ್ಣ ಬಿದ್ದು ಕಚ್ಚು ತುಂಬಿಕೊಂಡರೆ ನಾಲಿಗೆ ಪೂರ್ತಿ ಒಳಹೋಗುವುದಿಲ್ಲ, ಅಂಚಿನ ಮೇಲೆ ಅರ್ಧಂಬರ್ಧ ಕೂರುತ್ತದೆ. ಹೊರನೋಟಕ್ಕೆ ಶಟರ್ ಭದ್ರವಾಗಿ ನಿಂತಂತೆಯೇ ಇರುತ್ತದೆ. ಇನ್ನೂ ಮೋಸದ್ದು, ಒಂದು ಪಕ್ಕದ ನಾಲಿಗೆ ಮಾತ್ರ ಕೂತು ಇನ್ನೊಂದು ಕೂರದೆ, ಶಟರ್ ಓರೆಯಾಗಿ ಚಡಿಯಲ್ಲಿ ಸಿಕ್ಕಿ ನಿಂತಿರುವುದು. ಅದನ್ನು ಹಿಡಿದಿರುವುದು ಚಿಲಕವಲ್ಲ, ಬರೀ ಬಿಗಿತ. ಎರಡು ಕುಲುಕಿಗೆ ಓರೆ ನೆಟ್ಟಗಾಗುತ್ತದೆ, ನೆಟ್ಟಗಾದ ಕೂಡಲೇ ಬೀಳುತ್ತದೆ. ನಾಲಿಗೆ ಪೂರ್ತಿ ಕೂತಿದೆಯೋ ಇಲ್ಲವೋ ಎಂದು ತೋರಿಸುವ ಯಾವ ಗುರುತೂ ಈ ಚಿಲಕದಲ್ಲಿಲ್ಲ. ಕೆಟ್ಟಿರುವುದನ್ನು ಮುಚ್ಚಿಡುವ ಉಪಕರಣ ಕೆಟ್ಟ ಉಪಕರಣಕ್ಕಿಂತ ಹೆಚ್ಚು ಅಪಾಯಕಾರಿ.

ಇನ್ನು ಎರಡು ಕೈಯ ಪ್ರಶ್ನೆ. ಎರಡು ಹಿಡಿಗಳ ನಡುವೆ ಕಿಟಕಿಯಷ್ಟು ಅಗಲ. ಎರಡನ್ನೂ ಒಂದೇ ಕ್ಷಣ ಒತ್ತಿ, ಒತ್ತಿದ ಹಾಗೇ ಎತ್ತಬೇಕು. ಸೊಂಟದಲ್ಲಿ ಮಗು ಹೊತ್ತ ತಾಯಿಗೆ ಆಗುವುದಿಲ್ಲ. ಬೆರಳು ಸೊಟ್ಟಗಾದ ಅಜ್ಜಿಗೆ ಆಗುವುದಿಲ್ಲ. ಒಂದು ಕೈ ಇಲ್ಲದವರಿಗಂತೂ ಇಲ್ಲವೇ ಇಲ್ಲ. ಅದಕ್ಕಾಗಿಯೇ ನಮ್ಮ ಬೋಗಿಗಳಲ್ಲಿ "ಅಣ್ಣಾ, ಸ್ವಲ್ಪ ಇದನ್ನ ಎತ್ತಿಡಣ್ಣಾ" ಎನ್ನುವ ಮಾತು ದಿನಕ್ಕೆ ಎಷ್ಟು ಸಲ ಕೇಳುತ್ತದೋ. ಕನ್ನಡ, ತೆಲುಗು, ತಮಿಳು, ಉರ್ದು, ಬಂಗಾರಪೇಟೆಯ ಪ್ಲಾಟ್‌ಫಾರಂ ಬಲ್ಲ ಎಲ್ಲ ಭಾಷೆಗಳಲ್ಲೂ ಆ ಮಾತಿದೆ. ಎದುರು ಸೀಟಿನವನು ಎದ್ದು ಬಂದು ಎತ್ತಿಕೊಡುತ್ತಾನೆ. ಅಪರಿಚಿತರ ಈ ಸಹಾಯ ನನಗೆ ತುಂಬ ಇಷ್ಟ. ಆದರೆ ಜನರ ಒಳ್ಳೆಯತನವನ್ನು ಲೆಕ್ಕಕ್ಕೆ ಹಿಡಿದು ಉಪಕರಣದ ಕೊರತೆಯನ್ನು ಮನ್ನಿಸುವುದು ನ್ಯಾಯವಲ್ಲ. ಸಹಾಯ ಮಾಡುವವನಿಗೂ ನಾಲಿಗೆ ಕೂತದ್ದು ಕಾಣುವುದಿಲ್ಲ, ಟಕ್ಕೆಂದ ಸದ್ದನ್ನು ನಂಬಿ ಅವನು ತನ್ನ ಜಾಗಕ್ಕೆ ಹೋಗುತ್ತಾನೆ.

ನಂಬದವರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಮಡಿಸಿದ ಪೇಪರನ್ನು ಚಡಿಗೆ ತುರುಕುತ್ತಾರೆ. ಖಾಲಿ ನೀರಿನ ಬಾಟಲಿಯನ್ನು ಶಟರಿನ ಕೆಳಗೆ ನೆಟ್ಟಗೆ ನಿಲ್ಲಿಸುತ್ತಾರೆ. ಹವಾಯಿ ಚಪ್ಪಲಿಯ ತುದಿ ಸಿಕ್ಕಿಸುತ್ತಾರೆ. ದುಪಟ್ಟದ ಅಂಚನ್ನು ಹಿಡಿಗೆ ಸುತ್ತಿ ಮೇಲಿನ ಬರ್ತಿನ ಸರಪಳಿಗೆ ಕಟ್ಟಿದ್ದನ್ನೂ ಕಂಡಿದ್ದೇನೆ, ಎಲ್ಲಕ್ಕಿಂತ ಭದ್ರವಾದದ್ದು ಅದೇ. ಇವನ್ನೆಲ್ಲ ಜನರ ಜಾಣತನವೆಂದು ಮೆಚ್ಚಿ ಮುಂದೆ ಹೋಗಬಾರದು. ಪ್ರತಿಯೊಂದೂ ಮೂಲ ಚಿಲಕದ ಬಗ್ಗೆ ಪ್ರಯಾಣಿಕರು ಬರೆದ ಟಿಪ್ಪಣಿ. ಪೇಪರು ತುರುಕುವವನು ಚಡಿ ಸಡಿಲವಾಗಿದೆ ಎನ್ನುತ್ತಿದ್ದಾನೆ. ಬಾಟಲಿ ನಿಲ್ಲಿಸುವವನು ಭಾರ ಹೊರಲು ಕೆಳಗೆ ಏನಾದರೂ ಬೇಕು ಎನ್ನುತ್ತಿದ್ದಾನೆ. ಸರಪಳಿಗೆ ಕಟ್ಟುವವಳು ಹಿಡಿತವೊಂದು ಸೋತರೂ ಇನ್ನೊಂದು ಇರಬೇಕು ಎನ್ನುತ್ತಿದ್ದಾಳೆ. ಈ ಮೂರೂ ಮಾತನ್ನು ಎಂಜಿನಿಯರೊಬ್ಬ ಕಿವಿಗೊಟ್ಟು ಕೇಳಿದರೆ ಹೊಸ ಚಿಲಕದ ನಕ್ಷೆ ಅರ್ಧ ಸಿದ್ಧವಾದಂತೆಯೇ.

ಈಗಿರುವುದರ ಪರವಾಗಿಯೂ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಈ ಚಿಲಕ ಅಗ್ಗ. ಒಳಗಿರುವುದು ಒಂದು ಸ್ಪ್ರಿಂಗು, ಒಂದು ನಾಲಿಗೆ. ಕೆಟ್ಟರೆ ಬದಲಿಸಲು ದೊಡ್ಡ ಯಂತ್ರ ಬೇಡ. ಧೂಳು, ಮಳೆ, ಒರಟು ಕೈಗಳು ಎಲ್ಲವನ್ನೂ ಸಹಿಸಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದೆ. ನಾಜೂಕಾದ ಹಲ್ಲುಚಕ್ರವನ್ನೋ, ಭಾರ ತೂಗುವ ಸುರುಳಿ ಸ್ಪ್ರಿಂಗನ್ನೋ ಹಾಕಿದ್ದರೆ ನಮ್ಮ ಜನರಲ್ ಬೋಗಿಯಲ್ಲಿ ಅದು ಒಂದು ಬೇಸಿಗೆ ಕಳೆಯುತ್ತಿತ್ತೋ ಇಲ್ಲವೋ. ಬಸ್ಸುಗಳ ಹಾಗೆ ಗಾಜನ್ನು ಪಕ್ಕಕ್ಕೆ ಸರಿಸುವಂತೆ ಮಾಡಬಹುದಲ್ಲ ಎಂದರೆ, ಭೂಮಿಯ ಸೆಳೆತದ ತೊಂದರೆ ತಪ್ಪುತ್ತದೆ ನಿಜ, ಆದರೆ ಒಂದು ಸಲಕ್ಕೆ ಕಿಟಕಿಯ ಅರ್ಧ ಮಾತ್ರ ತೆರೆಯುತ್ತದೆ. ತುಂಬಿದ ಬೋಗಿಗೆ ಅರ್ಧ ಗಾಳಿ ಸಾಲದು. ಆದ್ದರಿಂದ ಮೇಲಕ್ಕೇರುವ ಶಟರ್ ಇರಲಿ, ಸರಳತೆಯೂ ಇರಲಿ. ಸರಳವಾದದ್ದು ಸುರಕ್ಷಿತವೂ ಆಗಬಾರದೆಂದು ಯಾವ ನಿಯಮವೂ ಇಲ್ಲ.

ಉತ್ತಮ ಚಿಲಕ ಹೇಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಮೇಲಿನ ಕಚ್ಚಿನ ಅಂಚನ್ನು ಒಳಮುಖವಾಗಿ ತುಸು ಕೊಕ್ಕೆಯಂತೆ ಬಾಗಿಸಿದರೆ, ಶಟರಿನ ಭಾರ ನಾಲಿಗೆಯನ್ನು ಹೊರತಳ್ಳುವ ಬದಲು ಒಳಕ್ಕೇ ಎಳೆಯುತ್ತದೆ. ಬಿಡಿಸಬೇಕಾದರೆ ಮೊದಲು ಶಟರನ್ನು ಬೆರಳಷ್ಟು ಮೇಲೆತ್ತಿ, ಆಮೇಲೆ ಹಿಡಿ ಒತ್ತಬೇಕು. ಮೇಲೆತ್ತುವ ಆ ಒಂದು ಚಲನೆ ಯಾರೋ ಬೇಕೆಂದೇ ಮಾಡಬೇಕಾದದ್ದು, ಅದನ್ನು ಕುಲುಕಾಟ ಮಾಡಲಾರದು. ಸ್ಪ್ರಿಂಗು ಮುರಿದರೂ ಭಾರವಿರುವವರೆಗೆ ನಾಲಿಗೆ ಕೂತೇ ಇರುತ್ತದೆ. ಇದಕ್ಕೆ ಹೊಸ ಲೋಹ ಬೇಡ, ಹೊಸ ಭಾಗ ಬೇಡ, ಕಚ್ಚಿನ ಆಕಾರವೊಂದು ಬದಲಾದರೆ ಸಾಕು. ಸಿಗ್ನಲ್ಲಿನಲ್ಲಿ ಕೂಡಿಸಿದ ಭಾರಕ್ಕೆ ಕೊಟ್ಟ ಜಾಗವನ್ನು ಇಲ್ಲಿ ಶಟರಿನ ಭಾರಕ್ಕೆ ಕೊಟ್ಟಂತಾಗುತ್ತದೆ.

ಅದರ ಜೊತೆಗೆ ಚಡಿಯುದ್ದಕ್ಕೂ ಐದೈದು ಸೆಂಟಿಮೀಟರಿಗೊಂದು ಕಚ್ಚು. ಮೇಲಿನದು ತಪ್ಪಿದರೆ ಕೆಳಗಿನದು ಹಿಡಿಯುತ್ತದೆ. ಐದು ಸೆಂಟಿಮೀಟರ್ ಬಿದ್ದ ಶಟರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಮಾತ್ರ. ಅರ್ಧ ಮೀಟರ್ ಬಿದ್ದದ್ದಕ್ಕೆ ಹೋಲಿಸಿದರೆ ಪೆಟ್ಟಿನ ಶಕ್ತಿ ಹತ್ತರಲ್ಲಿ ಒಂದು ಪಾಲು, ಅದೂ ಕಿಟಕಿಯ ತಳಕ್ಕಿಂತ ಬಹಳ ಮೇಲೆಯೇ ನಿಂತುಬಿಡುತ್ತದೆ. ಚರ್ಮದ ಪಟ್ಟಿಯ ಕಾಲದಲ್ಲಿದ್ದು ಆಮೇಲೆ ಕಳೆದುಹೋದ ಸುಖವೊಂದು ಇದರಿಂದ ವಾಪಸು ಸಿಗುತ್ತದೆ: ಬೇಕಾದಷ್ಟೇ ತೆರೆಯುವ ಸುಖ. ಸೈನೈಡ್ ದಿಬ್ಬದ ಬಳಿ ಮುಕ್ಕಾಲು ಮುಚ್ಚಬಹುದು, ಚಳಿಗಾಲದ ಬೆಳಗಿನ ಮೊದಲ ಗಾಡಿಯಲ್ಲಿ ನಾಲ್ಕು ಬೆರಳು ಸಂದು ಬಿಡಬಹುದು. ಎರಡು ಹಿಡಿಗಳನ್ನು ಶಟರಿನ ಅಡ್ಡಪಟ್ಟಿಯೊಳಗೆ ಒಂದು ಸರಳಿನಿಂದ ಜೋಡಿಸಿ ನಡುವೆ ಒಂದೇ ಹಿಡಿ ಇಟ್ಟರೆ ಒಂದು ಕೈ ಸಾಕು. ಕೆಳ ಅಂಚಿಗೆ ದಪ್ಪ ರಬ್ಬರ್. ನಾಲಿಗೆ ಪೂರ್ತಿ ಕೂತಾಗ ಮಾತ್ರ ಹಿಡಿಯ ಪಕ್ಕದ ಕೆಂಪು ಗುರುತು ಮರೆಯಾಗಬೇಕು, ಅರ್ಧ ಕೂತರೆ ಕೆಂಪು ಕಾಣಬೇಕು. ಇದರಲ್ಲಿ ಯಾವುದೂ ಹೊಸ ಸಂಶೋಧನೆಯಲ್ಲ. ಕೊಕ್ಕೆಯ ಹಲ್ಲು, ಸಾಲುಕಚ್ಚು, ಜೋಡಿಸುವ ಸರಳು, ಎಲ್ಲವೂ ಕೆಜಿಎಫ್‌ನ ಯಾವ ಹಳೆಯ ಫಿಟ್ಟರನೂ ಬಲ್ಲ ಸಂಗತಿಗಳು.

ಇದೆಲ್ಲ ಇನ್ನು ಹೆಚ್ಚು ದಿನ ಬೇಕಾಗುವುದಿಲ್ಲ, ಮುಂದೆ ಎಲ್ಲ ಬೋಗಿಯೂ ಹವಾನಿಯಂತ್ರಿತವಾಗುತ್ತದೆ ಎನ್ನುವವರಿದ್ದಾರೆ. ಹಳೆಯ ಐಸಿಎಫ್ ಮಾದರಿಯ ಬೋಗಿ ಕಟ್ಟುವುದು 2018ರ ಜನವರಿಯಲ್ಲಿ ನಿಂತಿತು, 2019ರಿಂದ ಓಡುತ್ತಿರುವ ವಂದೇ ಭಾರತ್ ಗಾಡಿಯ ಕಿಟಕಿ ತೆರೆಯುವುದೇ ಇಲ್ಲ ಎಂದು ಅವರು ತೋರಿಸುತ್ತಾರೆ. ಆದರೆ ಐಸಿಎಫ್ ಬೋಗಿಯ ಜಾಗಕ್ಕೆ ಬಂದ ಎಲ್‌ಎಚ್‌ಬಿ ಬೋಗಿಗಳಲ್ಲಿ ಕೂಡ ಸ್ಲೀಪರ್ ಮತ್ತು ಜನರಲ್ ದರ್ಜೆಯ ಶಟರ್ ಮೇಲಕ್ಕೇ ಏರುತ್ತದೆ. ಬೂದಿಕೋಟೆಯ ಬಸ್ಸಿಳಿದು ಓಡಿಬಂದು ಗಾಡಿ ಹತ್ತುವವರ ಟಿಕೆಟ್ಟಿನಲ್ಲಿ ಎಸಿ ಬರುವುದು ಬಹಳ ದೂರದ ಮಾತು. ತೆರೆಯದ ಕಿಟಕಿಯನ್ನು ಪ್ರಗತಿಯೆಂದು ಒಪ್ಪುವುದೂ ನನಗೆ ಕಷ್ಟ. ಕರೆಂಟು ಕೈಕೊಟ್ಟು ಗಾಡಿ ಬಯಲಲ್ಲಿ ನಿಂತಾಗ ತೆರೆಯುವ ಕಿಟಕಿಯ ಬೋಗಿಯಲ್ಲಿ ಉಸಿರಾಡಬಹುದು. ಬಡವರ ಬೋಗಿಯಲ್ಲಿ ಉಳಿದಿರುವ ಒಳ್ಳೆಯ ವಸ್ತು ಇದು. ಇದನ್ನು ತೆಗೆದುಹಾಕುವ ಬದಲು ತಿದ್ದಬೇಕು.

ತಿದ್ದುವವರೆಗೆ ಪರೀಕ್ಷೆಯನ್ನಾದರೂ ಬದಲಿಸಬಹುದು. ಬೋಗಿ ರಿಪೇರಿಯಾಗಿ ಹೊರಡುವ ಮೊದಲು ಶಟರ್ ಏರುತ್ತದೆಯೇ, ಇಳಿಯುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. ಪ್ರತಿ ಶಟರನ್ನೂ ಮೇಲೆತ್ತಿ ಕೂರಿಸಬೇಕು. ಅದರ ಕೆಳ ಅಂಚನ್ನು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ, ನಡುವೆ ಒಮ್ಮೆ ಕೈಯಿಂದ ಬಲವಾಗಿ ಕೆಳಕ್ಕೆ ಎಳೆಯಬೇಕು. ಆಮೇಲೆ ಮರದ ಸುತ್ತಿಗೆಯಿಂದ ಕಿಟಕಿಯ ಚೌಕಟ್ಟಿಗೆ ನಾಲ್ಕು ಪೆಟ್ಟು ಹೊಡೆಯಬೇಕು, ಹಳಿ ಕೊಡುವ ಪೆಟ್ಟಿನ ಹಾಗೆ. ಕೂದಲೆಳೆಯಷ್ಟು ಸರಿದ ಶಟರಿಗೂ ಸೀಮೆಸುಣ್ಣದ ಗುರುತು ಹಾಕಿ, ನಾಲಿಗೆ ಬದಲಿಸದೆ ಆ ಬೋಗಿಯನ್ನು ಹೊರಗೆ ಬಿಡಬಾರದು. ಒಂದು ಕಿಟಕಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ.